ಅಂಟು ಕಾಯಿಸುವವಳು

ಬೆಳಕು ಹರಿಯುವ ಮೊದಲೇ ಅವಳು ನೀರು ತುಂಬಿಟ್ಟು, ಮೂರು ಡಬ್ಬಿಗಳಿಗೆ ಮಧ್ಯಾಹ್ನದ ಊಟ ಕಟ್ಟಿ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ, ಗಂಡನ ಅಂಗಿಗೆ ಗುಂಡಿ ಹೊಲಿದು, ಮಗಳ ಜಡೆ ಹೆಣೆದು, ನಿಂತಲ್ಲೇ ಅರ್ಧ ಲೋಟ ಚಹಾ ಕುಡಿದಿರುತ್ತಿದ್ದಳು. ಇದ್ಯಾವುದಕ್ಕೂ ಕೆಲಸವೆಂಬ ಹೆಸರಿರಲಿಲ್ಲ. ಆ ಹೆಸರು ಸಿಗುತ್ತಿದ್ದುದು ತಾಮ್ರದ ಕಾರ್ಖಾನೆಯ ಗೇಟು ದಾಟಿದ ಮೇಲೆ.

ಅಲ್ಲಿ ಅವಳು ಅಂಟಕ್ಕ. ಅದಿರು ಕುಲುಮೆಯಲ್ಲಿ ಕರಗಿ ದಪ್ಪ ಹಲಗೆಯಾಗಿ ಬಂದ ಮೇಲೂ ತಾಮ್ರದಲ್ಲಿ ಒಂದಿಷ್ಟು ಕಲ್ಮಶ ಉಳಿದಿರುತ್ತದೆ. ಆ ಹಲಗೆಗಳನ್ನು ನೀಲಿ ಆಮ್ಲದ ತೊಟ್ಟಿಯಲ್ಲಿ ತೆಳು ತಗಡುಗಳ ಎದುರು ತೂಗುಹಾಕಿ ವಿದ್ಯುತ್ ಹರಿಸಿದರೆ, ತಾಮ್ರ ಮಾತ್ರ ಹಲಗೆಯ ಸಂಗ ಬಿಟ್ಟು ತಗಡಿಗೆ ಹೋಗಿ ಕೂರುತ್ತದೆ. ಕಲ್ಮಶ ತಳ ಸೇರುತ್ತದೆ. ಕೂರುವ ತಾಮ್ರ ಗಂಟುಗಂಟಾಗದೆ ನುಣ್ಣಗೆ ಕೂರಬೇಕಾದರೆ ತೊಟ್ಟಿಗೆ ಮೂಳೆಯಂಟಿನ ನೀರು ಬೀಳಬೇಕು. ಅದನ್ನು ಕಾಯಿಸುವುದು ಅವಳ ಪಾಲಿಗೆ ಬಂದಿತ್ತು. "ಹೆಂಗಸರಿಗೆ ಹೇಳಿ ಮಾಡಿಸಿದ್ದು, ಹಾಲು ಕಾಯಿಸಿದ ಹಾಗೆ" ಎಂದು ವಹಿಸಿದ ಮಹನೀಯರಿಗೆ ಹಾಲು ಕಾಯಿಸಲೂ ಬರುತ್ತಿರಲಿಲ್ಲ.

ಮರದ ಅಟ್ಟೆಯ ಬೂಟು ತೊಟ್ಟು, ತೊಟ್ಟಿಗಳ ನಡುವಿನ ಗೇಣಗಲದ ಹಾದಿಯಲ್ಲಿ ಅವಳು ಕೊಕ್ಕರೆಯಂತೆ ಹೆಜ್ಜೆಯಿಡುತ್ತ, ಹಲಗೆ-ತಗಡುಗಳನ್ನು ತೂಗುಹಾಕಿದ ಕಂಬಿಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಚುರ್ ಎಂದ ಕಡೆ ಒಳಗೆ ಹಲಗೆಗೂ ತಗಡಿಗೂ ಮುಟ್ಟಾಟ ನಡೆದು ಕಂಬಿ ಕಾದಿದೆ ಎಂದರ್ಥ.

"ಮೀಟರ್ ಇದ್ಯಲ್ಲಕ್ಕಾ?" ಎಂದು ಕ್ರೇನಿನವನು ಛೇಡಿಸಿದರೆ, "ಅದು ಬಾಯಿ ಬಿಡೋಷ್ಟರಲ್ಲಿ ಇದು ಸುಟ್ಟು ಕರಕಲಾಗಿರತ್ತೆ, ಹೋಗೋ" ಎನ್ನುವಳು.

ಇಂಥವಳಿಗೆ, ತೊಟ್ಟಿಮನೆಯೆಂದು ಎಲ್ಲರೂ ಕರೆಯುತ್ತಿದ್ದ ಆ ಇಡೀ ವಿಭಾಗದ ಮೇಲ್ವಿಚಾರಣೆ ಸಿಗುವ ಮಾತಾಯಿತು. ಹೆಂಗಸೊಬ್ಬಳು ಅಲ್ಲಿಯವರೆಗೆ ಆ ಕುರ್ಚಿ ಮುಟ್ಟಿರಲಿಲ್ಲ. ಅವಳ ಸಾಲಿನ ತಗಡುಗಳನ್ನು ನೋಡಿ ದೊಡ್ಡ ಸಾಹೇಬರು ತೀರ್ಮಾನಿಸುವುದೆಂದಾಯಿತು.

ಸಾಹೇಬರು ಬರುವುದಕ್ಕೆ ಒಂದು ವಾರ ಮುಂಚೆ, ಅಂಟು ಒಲೆಯ ಮೇಲಿದ್ದಾಗ, ಮನೆಯಿಂದ ಗಂಡನ ಫೋನು ಬಂದಿತ್ತು.

"ಲೇ, ಸಕ್ಕರೆ ಡಬ್ಬ ಎಲ್ಲಿಟ್ಟಿದೀಯ?"

"ಟೀಪುಡಿ ಡಬ್ಬದ ಹಿಂದೆ."

"ಟೀಪುಡಿ ಎಲ್ಲಿದೆ?"

ತಿರುಗಿ ನೋಡುವಷ್ಟರಲ್ಲಿ ಅಂಟು ಕೊತಕೊತ ಕುದಿದಿತ್ತು. ಕುದಿದ ಅಂಟಿಗೆ ಕಸುವಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಹೊಸದನ್ನು ನೆನೆಹಾಕಲು ಹೊತ್ತಿಲ್ಲವೆಂದು, ಒಂದು ದಿನಕ್ಕೆ ಏನಾದೀತು ಎಂದು, ಅದನ್ನೇ ತೊಟ್ಟಿಗೆ ಬಿಟ್ಟಳು.

ಸಾಹೇಬರು ಬರುವ ದಿನ ತಗಡುಗಳನ್ನು ಎತ್ತಿದಾಗ ಅವಳ ಸಾಲಿನ ನಲವತ್ತಕ್ಕೂ ಮೈತುಂಬ ನರುಲಿ. ಬುಡದಲ್ಲಿ ಕಲ್ಮಶ ಹಿಡಿದುಕೊಂಡ ತಾಮ್ರದ ನರುಲಿ.

ಕ್ರೇನಿನವನು ಇಳಿದು ಬಂದು ಪಿಸುಗುಟ್ಟಿದ: "ಅಂಟಿನ ಮೂಟೇನೇ ಹಳೇದು ಅಂದ್ಬಿಡಕ್ಕಾ. ಮೂಟೆಗೇನು ಬಾಯಿದ್ಯಾ, ಅಲ್ಲ ಅನ್ನೋಕೆ?"

"ನೀನು ಊಟಕ್ಕೆ ನಡಿ" ಎಂದಳು.

ಮಾಡಿದ್ದು ಯಾರ ಕಣ್ಣಿಗೂ ಬೀಳದ ಕೆಲಸದಲ್ಲೇ ಆಯುಸ್ಸು ಸವೆಸುವ ಹೆಂಗಸರಲ್ಲಿ ಒಂದು ಹಮ್ಮು ಬೆಳೆದಿರುತ್ತದೆ. ಬೇರೆಯವರ ಮೆಚ್ಚುಗೆಯ ನೀರು ಕುಡಿದು ಬೆಳೆದದ್ದಲ್ಲ ಅದು. ಹಾಗಾಗಿ ಯಾರ ಸಿಟ್ಟಿಗೂ ಬಾಡುವುದಿಲ್ಲ. ತನ್ನ ಕೈಯ ಕೆಲಸ ಕೆಟ್ಟಿತೆಂದು ಹೇಳುವ ಅಧಿಕಾರವನ್ನು ಅಂಥವಳು ಮೂಟೆಗೂ ಬಿಟ್ಟುಕೊಡಳು, ಸಾಹೇಬನಿಗೂ ಬಿಟ್ಟುಕೊಡಳು.

ತೊಟ್ಟಿಮನೆ ಖಾಲಿಯಾಗಿತ್ತು. ಅವಳು ಸೀಮೆಸುಣ್ಣ ತೆಗೆದುಕೊಂಡು ನಲವತ್ತೂ ತಗಡುಗಳ ಮೇಲೆ, ಕುಲುಮೆಗೆ ವಾಪಸ್ಸೆಂದು, ಅಡ್ಡಗೀಟು ಎಳೆದಳು. ಆಮೇಲೆ ಸಾಹೇಬರು ಮೊದಲು ನೋಡುವ ಕರಿಹಲಗೆಯಲ್ಲಿ, ಕಾರಣವೆಂಬಲ್ಲಿ, ದಪ್ಪಕ್ಷರದಲ್ಲಿ ಬರೆದಳು: ಅಂಟು ಕುದಿಸಿದವಳು ನಾನು.