ಚಿಕ್ಕ ಕೋಣೆಯ ನೆಲ

"ಇದನ್ನೂ ಇದನ್ನೂ ಸೇರಿಸಿಬಿಡ್ತೀವಿ," ಎಂದು ಡಾಕ್ಟರು ಪ್ಲಾಸ್ಟಿಕ್ ಬೆನ್ನುಮೂಳೆಯ ಕೆಳಗಿನ ಎರಡು ಮಣಿಗಳನ್ನು ಬೆರಳಲ್ಲಿ ಒತ್ತಿ ಹಿಡಿದರು. "ಆಮೇಲೆ ಆ ಜಾಗದಲ್ಲಿ ಬಗ್ಗೋದು ಅನ್ನೋದೇ ಇರಲ್ಲ. ನೋವು ಕಮ್ಮಿಯಾಗುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತ್ರ ನಾನು ಹೇಳಲ್ಲ."

ಟೈಲ್ಸ್ ಮೇಸ್ತ್ರಿ ಗೋಡೆಗೆ ಒರಗಿ ನಿಂತೇ ಕೇಳುತ್ತಿದ್ದ. ಕೂತರೆ ಸೊಂಟದಿಂದ ಎಡಗಾಲಿನವರೆಗೂ ಬೆಂಕಿ ಹರಿದಂತಾಗುತ್ತಿತ್ತು, ಹಾಗಾಗಿ ಕುರ್ಚಿ ಹೆಂಡತಿಯ ಪಾಲಾಗಿತ್ತು. ನೆಲ ಎಷ್ಟು ವಾಲಿದೆ ಎಂದು ಬರಿಗಣ್ಣಿನಲ್ಲೇ ಹೇಳಿಬಿಡುತ್ತಿದ್ದ ಅವನನ್ನು ಜೊತೆ ಕೆಲಸದವರು 'ರಸಮಟ್ಟ' ಎಂದೇ ಕರೆಯುತ್ತಿದ್ದರು. ಈಚೆಗೆ ಅವನೇ ಒಂದು ಪಕ್ಕಕ್ಕೆ ವಾಲಿ ನಡೆಯುವುದನ್ನು ಕಂಡು, "ರಸಮಟ್ಟದ ಗುಳ್ಳೇನೇ ಪಕ್ಕಕ್ಕೆ ಸರಿದುಬಿಡ್ತಲ್ಲೋ," ಎಂದು ನಗಾಡಿದ್ದರು. ಅವನೂ ನಕ್ಕಿದ್ದ. ನಗದೆ ಇನ್ನೇನು ಮಾಡಿಯಾನು? ಮಾತ್ರೆ, ಬೆಲ್ಟು, ಸೂಜಿ, ವ್ಯಾಯಾಮ ಎಲ್ಲ ಮುಗಿಸಿಕೊಂಡೇ ಇಲ್ಲಿಗೆ ಬಂದಿದ್ದ.

"ದಾರಿ ಎರಡಿವೆ," ಎಂದರು ಡಾಕ್ಟರು. "ಬೆನ್ನಿನ ಕಡೆಯಿಂದ ಹೋದ್ರೆ ಸ್ನಾಯುಗಳನ್ನ ಸರಿಸ್ಕೊಂಡು ಹೋಗ್ಬೇಕು, ಚೇತರಿಸ್ಕೊಳ್ಳೋದು ನಿಧಾನ. ಹೊಟ್ಟೆ ಕಡೆಯಿಂದ ಹೋದ್ರೆ ಆ ಸ್ನಾಯು ಮುಟ್ಟೋದೇ ಬೇಡ, ಬೇಗ ಎದ್ದು ಓಡಾಡ್ತೀರಿ. ಆದ್ರೆ ಅಲ್ಲಿ ಸಣ್ಣ ನರಗಳಿವೆ. ಗಂಡಸರಲ್ಲಿ ಕೆಲವರಿಗೆ, ಎಲ್ಲರಿಗೂ ಅಲ್ಲ, ಅವಕ್ಕೆ ಪೆಟ್ಟಾಗಿ ಮಕ್ಕಳಾಗೋದು ಕಷ್ಟ ಆಗ್ಬಹುದು. ಮಕ್ಕಳು ಬೇಕು ಅನ್ನೋ ಯೋಚನೆ ಇದ್ರೆ ಈಗಲೇ ಹೇಳಿ, ಹಿಂದಿನಿಂದಲೇ ಮಾಡೋಣ."

"ಅದೆಲ್ಲ ಮುಗಿದ ಕಥೆ ಡಾಕ್ಟ್ರೇ," ಎಂದುಬಿಟ್ಟ ಮೇಸ್ತ್ರಿ. "ಮುಂದಿನಿಂದಲೇ ಮಾಡಿ. ಬೇಗ ಕೆಲಸಕ್ಕೆ ಹೋದ್ರೆ ಸಾಕು."

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. "ನೀವೇನಂತೀರಮ್ಮ?"

ಅವಳು ತೊಡೆಯ ಮೇಲಿದ್ದ ಎಕ್ಸ್‌ರೇ ಕವರನ್ನು ಒಮ್ಮೆ ತಿರುಗಿಸಿ ಇಟ್ಟುಕೊಂಡಳು. "ಅವರು ಹೇಳಿದ್ರಲ್ಲ," ಎಂದಳು, ಅಷ್ಟೆ. ಮೇಸ್ತ್ರಿ ಆಗ ಅವಳ ಮುಖ ನೋಡಲಿಲ್ಲ. ಬಾಗಿಲ ಬಳಿಯ ಒಂದು ಟೈಲ್ಸ್ ಟೊಳ್ಳು ಸದ್ದು ಮಾಡುತ್ತಿತ್ತು, ಅದನ್ನು ಕಾಲಿನಿಂದ ತಟ್ಟಿ ನೋಡುತ್ತಿದ್ದ.

ಬಸ್ಸಿನಲ್ಲಿ ಇಬ್ಬರೂ ಕಂಬಿ ಹಿಡಿದು ನಿಂತೇ ಬಂದರು. ಆ ಪ್ರಶ್ನೆ ಅವಳ ಮೇಲೆ ಬೀಳುವ ಮೊದಲೇ ತಾನು ಅಡ್ಡ ನಿಂತೆನಲ್ಲ ಎಂದು ಅವನಿಗೆ ಒಳಗೊಳಗೇ ಸಮಾಧಾನ. ಎರಡು ವರ್ಷದ ಹಿಂದೆ ಅವಳು ಬಸುರಿಯಾದಾಗ ಮನೆಯ ಚಿಕ್ಕ ಕೋಣೆಗೆ ಅವನೇ ನೆಲ ಹಾಕಿದ್ದ. ಅಂಬೆಗಾಲಿಡುವ ಮಂಡಿಗೆ ಎಲ್ಲೂ ತರಚಬಾರದೆಂದು ಒಂದೊಂದು ಸಂದಿನ ಮೇಲೂ ಅಂಗೈ ಸವರಿ ನೋಡಿದ್ದ. ಕೂಸು ಐದು ತಿಂಗಳಿಗೇ ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಉಳಿದ ಟೈಲ್ಸನ್ನೆಲ್ಲ ಆ ಕೋಣೆಗೇ ತುಂಬಿ ಬಾಗಿಲು ಎಳೆದುಕೊಂಡ. ಅವಳು ಬೇಡವೆನ್ನಲಿಲ್ಲ. ಮತ್ತೆಂದೂ ಆ ಮಾತು ಎತ್ತಲೂ ಇಲ್ಲ. ಎತ್ತದಿದ್ದುದನ್ನೇ ಅವನು ಉತ್ತರ ಎಂದುಕೊಂಡ.

ಮನೆಗೆ ಬಂದು, ಎಕ್ಸ್‌ರೇ ಕವರನ್ನು ಟೈಲ್ಸ್ ರಾಶಿಯ ಮೇಲಿಡೋಣವೆಂದು ಚಿಕ್ಕ ಕೋಣೆಯ ಬಾಗಿಲು ತಳ್ಳಿದ. ರಾಶಿ ಇರಲಿಲ್ಲ. ನೆಲ ಒರೆಸಿ ಲಕಲಕ ಹೊಳೆಯುತ್ತಿತ್ತು. ಹೋದ ತಿಂಗಳು ಅವಳು ಟೈಲ್ಸನ್ನು ಸ್ವಲ್ಪಸ್ವಲ್ಪವೇ ಹಿತ್ತಲಿಗೆ ಸಾಗಿಸುತ್ತಿದ್ದಾಗ ಏಕೆಂದು ಕೇಳಿದ್ದ. "ಇಲಿ ಸೇರ್ಕೊಂಡಿದೆ ರೀ," ಎಂದಿದ್ದಳು. ಅವನು ನಂಬಿದ್ದ, ನಾಲ್ಕಾರು ಮಾತ್ರ ಸರಿಸಿರಬೇಕು ಎಂದುಕೊಂಡಿದ್ದ. ಈಗ ನೋಡಿದರೆ ಕಿಟಕಿಗೆ ಹಳದಿ ಬಣ್ಣದ ಹೊಸ ಪರದೆ. ಇಲಿಗೋಸ್ಕರ ಯಾರೂ ಹೊಸ ಪರದೆ ಹೊಲಿಯುವುದಿಲ್ಲ. ಅವನು ಕವರನ್ನು ಕೈಯಲ್ಲೇ ಹಿಡಿದು ಹಿತ್ತಲಿಗೆ ನಡೆದ.

ಹಿತ್ತಲಿನಲ್ಲಿ ಅವಳು ಸೀರೆಯನ್ನೂ ಬದಲಿಸದೆ ಟೈಲ್ಸನ್ನು ಮತ್ತೆ ಕೋಣೆಗೆ ಸಾಗಿಸಲೆಂದು ಅದರ ಮೇಲಿನ ಹೊದಿಕೆ ಎಳೆದು ತೆಗೆಯುತ್ತಿದ್ದಳು.

"ನನಗೊಂದು ಮಾತು ಹೇಳ್ಬಾರದಿತ್ತಾ?"

"ನಿಮ್ಮ ಬೆನ್ನು ಸರಿ ಹೋಗ್ಲಿ, ಆಮೇಲೆ ಹೇಳೋಣ ಅಂತಿದ್ದೆ."

"ನಾಳೆ ಡಾಕ್ಟ್ರ ಹತ್ರ ಹೋಗೋಣ ಕಣೆ. ಹಿಂದಿನಿಂದಲೇ ಮಾಡ್ಲಿ. ನಿಧಾನ ಆದ್ರೆ ಆಗ್ಲಿ."

ಅವಳು ಎರಡು ಟೈಲ್ಸನ್ನು ಎದೆಗವಚಿಕೊಂಡು ನೆಟ್ಟಗೆ ನಿಂತಳು. "ಹಿಂದಿನಿಂದ ಮಾಡಿಸ್ಕೊಂಡ್ರೆ ನಿಮಗೆ ಮಗು ಬೇಕು ಅನ್ಸುತ್ತಾ?"

ಹೌದು ಎನ್ನಲು ಬಾಯಿ ತೆರೆದ. ಅಂದು ಆಸ್ಪತ್ರೆಯಲ್ಲಿ ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದು ಕಣ್ಣಮುಂದೆ ಬಂತು. ಇನ್ನೊಮ್ಮೆ ಅಂಥದನ್ನು ಕೈಗೆ ತೆಗೆದುಕೊಳ್ಳುವ ಧೈರ್ಯ ಅವನಲ್ಲಿ ಇರಲಿಲ್ಲ. ಡಾಕ್ಟರಿಗೆ ಅಷ್ಟು ಬೇಗ ಉತ್ತರ ಕೊಟ್ಟಿದ್ದೂ ಅದಕ್ಕೇ. ಅವಳನ್ನು ಕಾಯಲು ಅಡ್ಡ ನಿಂತಿದ್ದಲ್ಲ, ಅವಳ ಹಿಂದೆ ಅಡಗಿಕೊಂಡಿದ್ದು.

ಅವಳು ಟೈಲ್ಸ್ ಹೊತ್ತೇ ಚಿಕ್ಕ ಕೋಣೆಯ ಕಡೆ ಹೆಜ್ಜೆಯಿಟ್ಟಳು. "ದಾರಿ ಬಿಡಿ," ಎಂದಳು, ಮೆಲ್ಲಗೆ.

"ಕೊಡು ಇಲ್ಲಿ," ಎಂದು ಅವನು ಕೈ ಚಾಚಿ ಬಗ್ಗಲು ಹೋದ. ಸೊಂಟ ಹಿಡಿದುಕೊಂಡಿತು.

"ನೀವು ಭಾರ ಎತ್ತೋ ಹಾಗಿಲ್ಲ."

ಕೋಣೆಯೊಳಕ್ಕೆ ಹೊರಟವಳು ಹೊಸ್ತಿಲಲ್ಲೇ ನಿಂತಳು. ಟೈಲ್ಸನ್ನು ಗೋಡೆಗೆ ಒರಗಿಸಿ ಹೊರಗೆ ಬಂದು, ಹಳೆಯ ಹೊದಿಕೆಯೊಂದನ್ನು ತೆಗೆದುಕೊಂಡು ಹೋದಳು. ಅದನ್ನು ಎರಡು ಮಡಿಕೆ ಮಾಡಿ, ನೆಲಕ್ಕೆ ಗೀರು ಬೀಳದ ಹಾಗೆ ಮೂಲೆಯಲ್ಲಿ ಹಾಸಿ, ಸುಕ್ಕು ಬಿಡಿಸಲು ಅಂಗೈಯಿಂದ ಸವರಿದಳು. ಆಮೇಲೆ ಅದರ ಮೇಲೆ ಮೊದಲ ಟೈಲ್ಸನ್ನು ಸದ್ದಾಗದಂತೆ ಇಟ್ಟಳು. ಮೇಸ್ತ್ರಿ ಅವಳಿಗಾಗಿ ಬಾಗಿಲು ಹಿಡಿದು ನಿಂತಿದ್ದ.