ಕೊಕ್ಕೆ ಮೇಡಂ ಮತ್ತು ಗುಡ್ಡದ ಬಡಾವಣೆ

ಪುರಸಭೆಯ ನಕ್ಷೆ ವಿಭಾಗದ ಆ ಎಂಜಿನಿಯರನ್ನು ಊರಿನ ಬಿಲ್ಡರುಗಳೆಲ್ಲ ‘ಕೊಕ್ಕೆ ಮೇಡಂ’ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ತಾನು ನೋಡಿಯೂ ಸುಮ್ಮನೆ ಬಿಟ್ಟ ಗೋಡೆ ಯಾರದೋ ತಲೆಯ ಮೇಲೆ ಬೀಳುವುದಕ್ಕಿಂತ ಈ ಅಡ್ಡಹೆಸರೇ ವಾಸಿ ಅನ್ನುವವಳು ಅವಳು.

ಆದರೆ ಆ ಸಲ ಮೇಜಿನ ಮೇಲೆ ಬಿಚ್ಚಿಕೊಂಡ ನಕ್ಷೆ ಅವಳ ನೆಮ್ಮದಿ ಕೆಡಿಸಿತು. ಊರಂಚಿನ ಗುಡ್ಡವನ್ನು ಕಡಿದು, ತಗ್ಗು ತುಂಬಿ, ನೆಲ ಮಟ್ಟ ಮಾಡಿ ಹೊಸ ಬಡಾವಣೆ ಎಬ್ಬಿಸುವ ನಕ್ಷೆ ಅದು. ಮೂಲೆಯಲ್ಲಿ ಸಹಿ ಹಾಕಿದ್ದ ಎಂಜಿನಿಯರು ಬೇರೆ ಯಾರೂ ಅಲ್ಲ, ಅವಳ ಅಕ್ಕನ ಗಂಡ.

ನೇರ ಮೇಲಧಿಕಾರಿಯ ಬಳಿ ಹೋದಳು. “ಸರ್, ಇದು ನಮ್ಮ ಭಾವ ಮಾಡಿದ್ದು. ಬೇರೆಯವರಿಗೆ ಕೊಟ್ಟುಬಿಡಿ.”

“ಬೇರೆಯವರು ಅಂದ್ರೆ ಯಾರಮ್ಮ? ಈ ವಿಭಾಗದಲ್ಲಿ ಇರೋದು ನೀನೊಬ್ಬಳು, ಆ ಫ್ಯಾನ್ ಒಂದು. ಫ್ಯಾನ್‌ಗೆ ಕೊಡ್ಲಾ?” ಅವರು ಕನ್ನಡಕವನ್ನು ಹಣೆಗೇರಿಸಿದರು. “ಸಂಬಂಧ ಇದೆ ಅಂತ ಬರೆದುಕೊಡು. ನೀನು ಬರೆದಿದ್ದನ್ನ ನಾನೂ ನೋಡ್ತೀನಿ. ಕೆಲಸ ಮಾತ್ರ ನಿಂದೇ.”

ಭಾವನ ಕೆಲಸ ಅಚ್ಚುಕಟ್ಟಾಗಿತ್ತು. ರಸ್ತೆಯ ಏರು, ತಡೆಗೋಡೆ, ಯಾವುದಕ್ಕೂ ಹೆಸರಿಡುವ ಹಾಗಿರಲಿಲ್ಲ. ತೊಡಕಿದ್ದದ್ದು ಒಂದೇ ಕಡೆ. ಗುಡ್ಡದ ನಡುವೆ ಒಂದು ಹಳೆಯ ಕೊರಕಲಿತ್ತು. ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ಅದು ಮಳೆಗಾಲದಲ್ಲಿ ಗುಡ್ಡದ ನೀರನ್ನೆಲ್ಲ ಬಾಚಿಕೊಂಡು, ಬುಡದ ತಗ್ಗಿನ ಬೀದಿಯನ್ನು ಸುತ್ತಿಕೊಂಡು ಹೊಳೆಗೆ ಒಯ್ಯುತ್ತಿತ್ತು. ನಕ್ಷೆಯಲ್ಲಿ ಆ ಕೊರಕಲಿಗೆ ಮಣ್ಣು ತುಂಬಿ ಮೇಲೆ ಮನೆಗಳ ಸಾಲು ಬಂದಿತ್ತು. ನೀರಿಗೆ ಉಳಿದದ್ದು ನೆಲದಡಿಯ ಒಂದು ಪೈಪು. ಕಸಕಡ್ಡಿ ಸಿಕ್ಕಿ ಅದು ಕಟ್ಟಿಕೊಂಡಿತೋ, ಗುಡ್ಡದ ನೀರೆಲ್ಲ ತಗ್ಗಿನ ಬೀದಿಯ ಅಡುಗೆಮನೆಗಳಿಗೇ.

ಅವಳು ನಕ್ಷೆ ವಾಪಸ್ ಕಳಿಸಿದಳು. ಭಾವ ಪೈಪನ್ನು ದಪ್ಪ ಮಾಡಿ ಮತ್ತೆ ಕಳಿಸಿದ. ಅವಳು ಮತ್ತೆ ವಾಪಸ್ ಕಳಿಸಿದಳು.

ಅಕ್ಕನ ಫೋನು ಬಂತು. “ಏನೇ, ನಿಂಗೆ ನನ್ನ ಗಂಡನೇ ಬೇಕಾಗಿತ್ತಾ? ಊಟಕ್ಕೆ ಕೂತ್ರೆ ತಟ್ಟೆಯಲ್ಲೂ ನಿನ್ನ ಕೆಂಪು ಗೆರೆನೇ ಕಾಣುತ್ತಂತೆ!”

“ಪೈಪು ಕಟ್ಟಿಕೊಂಡ್ರೆ ನೀರು ಎಲ್ಲಿಗೆ ಹೋಗುತ್ತೆ ಅಂತ ಭಾವನ್ನ ಕೇಳಕ್ಕಾ. ಉತ್ತರ ಕೊಟ್ರೆ ಈಗಲೇ ಒಪ್ಪಿಗೆ ಕೊಡ್ತೀನಿ.”

“ನೀವಿಬ್ರೂ ಸೇರಿ ನನ್ನನ್ನೇ ಆ ಪೈಪಿಗೆ ತುರುಕಿಬಿಡಿ,” ಎಂದು ಅಕ್ಕ ಫೋನಿಟ್ಟಳು.

ಅದಾದರೂ ಮನೆಯ ಮಾತು. ಅವಳಿಗೆ ನಿಜಕ್ಕೂ ನೋವಾದದ್ದು ತಗ್ಗಿನ ಬೀದಿಯವರೇ ದಂಡು ಕಟ್ಟಿಕೊಂಡು ಕಚೇರಿಗೆ ಬಂದಾಗ. ಮುಂದೆ ನಿಂತವಳು ಬಟ್ಟೆ ಹೊಲಿಯುವ ಹೆಂಗಸು. “ಮೇಡಂ, ಒಂದೇ ಕೋಣೆಗೆ ಪರದೆ ಕಟ್ಟಿ ನಾನೂ ಮಗಳೂ ಎರಡು ಸಂಸಾರ ಮಾಡ್ತಿದೀವಿ. ಮೇಲೆ ಬಡಾವಣೆ ಆದ್ರೆ ಅವಳಿಗೊಂದು ಸೂರು ಸಿಗುತ್ತೆ. ನೀವ್ಯಾಕೆ ಅಡ್ಡಗಾಲು ಹಾಕ್ತೀರಿ?”

“ಮನೆ ಬೇಡ ಅಂತ ನಾನೆಲ್ಲಮ್ಮ ಅಂದೆ? ಮಗಳ ಮನೆ ಎದ್ದಿದ್ದಕ್ಕೆ ತಾಯಿ ಮನೆ ಮುಳುಗಬಾರದು ಅಂದೆ.”

ಹೊಲಿಗೆಯವಳು ಮುಖ ತಿರುವಿಕೊಂಡು ಹೋದಳು. ಯಾರನ್ನು ಉಳಿಸಲು ಹೊರಟಿದ್ದಳೋ ಅವರೇ ಮುನಿದಿದ್ದರು. ಆದರೂ ಅವಳ ಮನಸ್ಸು ಒಪ್ಪಿಗೆಯ ಕಡೆ ವಾಲಲಿಲ್ಲ.

ಪುರಸಭೆಯ ಸಭೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಮೋಡ ಕಪ್ಪುಗಟ್ಟಿತು. ಅವಳು ಮೇಲಧಿಕಾರಿಗೆ ಹೇಳಿ ಎದ್ದವಳೇ ಸೀದಾ ಭಾವನ ಕಚೇರಿಗೆ ನುಗ್ಗಿದಳು. “ಏಳಿ ಭಾವ. ಸ್ಥಳ ಪರಿಶೀಲನೆ.”

“ಈ ಮಳೇಲಾ? ತಲೆ ಗಿಲೆ ಕೆಟ್ಟಿದೆಯಾ ನಿಂಗೆ?”

“ಕೆಟ್ಟಿದ್ರೆ ನಿಮ್ಮ ಹೆಂಡ್ತಿ ಮದುವೆಗೆ ಮೊದಲೇ ಹೇಳಿರೋಳು. ಏಳಿ.”

ಭಾವನಿಗೆ ಸಿಟ್ಟಿನಲ್ಲೂ ನಗು ಬಂತು. ಎದ್ದ.

ಗುಡ್ಡ ಹತ್ತುವಷ್ಟರಲ್ಲಿ ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು. ಕೊರಕಲಿನಲ್ಲಿ ಮೊದಲು ಒಂದು ಎಳೆ ನೀರು ಇಳಿಯಿತು. ಆಮೇಲೆ ಮೇಲಿನಿಂದ ಗುಡುಗಿನಂಥ ಸದ್ದು. ನೋಡನೋಡುತ್ತಿದ್ದಂತೆ ಕೆಂಪು ನೀರು ಕಲ್ಲು ಉರುಳಿಸುತ್ತ, ಬೇರುಸಮೇತ ಪೊದೆಗಳನ್ನು ಹೊತ್ತು ಧುಮುಕಿತು. ಬೇಸಿಗೆಯಲ್ಲಿ ಅಳತೆ ಮಾಡಿ ಹೋಗಿದ್ದ ಭಾವ ಕಣ್ಣು ಬಿಟ್ಟುಕೊಂಡು ನಿಂತ.

“ಇದನ್ನ ಪೈಪಿಗೆ ತುಂಬೋಕೆ ಹೊರಟಿದ್ನಾ ನಾನು!” ಎಂದು ಕೂಗಿದ.

‘ಬಡಕೊಂಡೆನಲ್ಲ’ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಇಳಿಯುವಾಗ ಭಾವ ಕಾಲುಜಾರಿ ಕೆಸರಲ್ಲಿ ಕೂತುಬಿಟ್ಟಾಗ ಕೈಕೊಟ್ಟು ಎಬ್ಬಿಸಿದಳು, ಅಷ್ಟೇ.

ಸಭೆಯ ದಿನ ಪುರಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಗಳ ನೋಡಲು ಬಂದವರೇ ಹೆಚ್ಚು. ಭಾವ ಎದ್ದು ನಿಂತ.

“ಮೊದಲಿನ ನಕ್ಷೆ ವಾಪಸ್ ತಗೊಳ್ತೀನಿ. ಅದು ತಪ್ಪಿತ್ತು. ನಮ್ಮ ಬಿಲ್ಡರಿಗೂ ಗುಡ್ಡ ಹತ್ತಿಸಿ ತೋರಿಸಿದ್ದೀನಿ.”

ಹೊಸ ನಕ್ಷೆ ಬಿಚ್ಚಿದ. ಕೊರಕಲು ಮುಚ್ಚಿರಲಿಲ್ಲ, ಎರಡು ದಡಕ್ಕೂ ಕಲ್ಲು ಕಟ್ಟಿ ತೆರೆದ ಕಾಲುವೆಯಾಗಿತ್ತು. ಗುಡ್ಡ ಬೋಳಿಸುವ ಬದಲು ಇಳಿಜಾರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ, ಗೋಡೆಗೆ ಗೋಡೆ ಸೇರಿಸಿದ ಮನೆಗಳು. ಒಂದು ಮನೆಯೂ ಕಡಿಮೆಯಾಗಿರಲಿಲ್ಲ.

ಅಧ್ಯಕ್ಷರು ಅವಳತ್ತ ತಿರುಗಿದರು. “ಇದಕ್ಕೇನಮ್ಮ ನಿನ್ನ ಕೊಕ್ಕೆ?”

ಸಭೆ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು. “ಒಂದಿದೆ ಸರ್.”

ನಗು ಗಕ್ಕನೆ ನಿಂತಿತು. ಭಾವ ಕಣ್ಣು ಮುಚ್ಚಿಕೊಂಡ.

“ಮೊದಲು ಕಾಲುವೆ ಮುಗೀಬೇಕು, ಆಮೇಲೆ ಮನೆ. ಆ ಷರತ್ತು ಬರೆದ್ರೆ ನನ್ನ ಪೂರ್ತಿ ಒಪ್ಪಿಗೆ.”

ಬಿಲ್ಡರು ಉಸಿರುಬಿಟ್ಟು, “ಆಯ್ತು ಮೇಡಂ,” ಎಂದ. ಸದಸ್ಯರ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಹಿಂದಿನ ಸಾಲಿನಲ್ಲಿ ಮೊದಲು ಚಪ್ಪಾಳೆ ತಟ್ಟಿದವಳು ಹೊಲಿಗೆಯವಳು.

ಮರುವರ್ಷ, ಕಾಲುವೆ ಮುಗಿದ ಮೇಲೆ, ಮಳೆ ಹುಚ್ಚೆದ್ದು ಸುರಿಯಿತು. ಗುಡ್ಡದ ನೀರು ಇಳಿಯುತ್ತಿರುವ ಸುದ್ದಿ ಕೇಳಿ ಅವಳು ಓಡಿಬಂದಾಗ ತಗ್ಗಿನ ಬೀದಿಗೆ ಬೀದಿಯೇ ಕಾಲುವೆಯ ದಡದಲ್ಲಿ ನಿಂತಿತ್ತು. ನೀರು ಅಬ್ಬರಿಸುತ್ತ ಬಂದು, ತಿರುವಿನಲ್ಲಿ ಒಮ್ಮೆ ನೆಗೆದು, ಬೀದಿಯತ್ತ ಕಣ್ಣೆತ್ತಿಯೂ ನೋಡದೆ ಹೊಳೆಯ ಕಡೆ ಓಡಿತು. ಜನ ಹೋ ಎಂದು ಕೂಗಿದರು. ಹೊಲಿಗೆಯವಳು ಅವಳ ಕೈ ಹಿಡಿದು ಮನೆಯೊಳಗೆ ಎಳೆದೊಯ್ದಳು. “ಮುಟ್ಟಿ ನೋಡಿ ಮೇಡಂ, ನೆಲ ಮುಟ್ಟಿ ನೋಡಿ!”

ಅವಳು ಬಗ್ಗಿ ಅಂಗೈ ಊರಿದಳು. ಬೆಚ್ಚಗಿತ್ತು, ಒಣಗಿತ್ತು.

ಹೊರಗೆ ಯಾರೋ ಭಾವನನ್ನು ಕೇಳುತ್ತಿದ್ದರು, “ಈ ಕಾಲುವೆ ನಿಮ್ಮದೇನಾ ಸಾರ್?”

“ನಕ್ಷೆ ನಂದು,” ಎಂದ ಭಾವ, ಇಡೀ ಬೀದಿಗೆ ಕೇಳುವಂತೆ. “ನೀರಿಗೆ ದಾರಿ ಬಿಡಿಸಿದವಳು ಅಗೋ, ಒಳಗಿದ್ದಾಳೆ. ನನ್ನ ನಾದಿನಿ!”