ಮುದ್ದೆಮಾಲು ಕೋಣೆಯ ಪಾನಾ

ನಾನು ಒಂದು ಪೈಪು ಹಿಡಿಯುವ ಪಾನಾ. ಮೂವತ್ತಾರು ಇಂಚು ಉದ್ದ, ಹುಟ್ಟಿದ್ದೇ ಪೆಟ್ಟು ತಿಂದು. ಜಲಂಧರದ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಬಾಯಿಗೆ ಹಲ್ಲು ಕೊರೆದರು. ನನ್ನದು ಉಡದ ಪಟ್ಟು. ಕಚ್ಚಿದರೆ ಬಿಡುವವನಲ್ಲ.

ಆರು ವರ್ಷ ಬೋರ್‌ವೆಲ್ ಲಾರಿಯಲ್ಲಿ ದುಡಿದೆ. ಆ ಲಾರಿ ಮುದಿಯಾದಾಗ ಚಿನ್ನ, ತಾಮ್ರ ಹುಡುಕುವ ಸಣ್ಣ ಕಂಪನಿಯೊಂದು ನನ್ನನ್ನು ಕೊಂಡಿತು. ಸಣ್ಣದೆಂದರೆ ಎಷ್ಟು ಸಣ್ಣದು ಗೊತ್ತೇ? ಗದಗ ಸೀಮೆಯ ಬೋಳುಗುಡ್ಡದ ಮೇಲೆ ಒಂದು ಯಂತ್ರ, ಒಂದು ಜೀಪು, ಮೂರು ಡೇರೆ. ಗಣಿಯೇ ಇಲ್ಲ, ಇದ್ದದ್ದು ಆಸೆಯೊಂದೇ.

ಅಲ್ಲಿ ನನ್ನ ಒಡೆಯ ಡ್ರಿಲ್ಲರ್ ಫಕ್ಕೀರಪ್ಪ. ನೆಲ ಕೊರೆದು ಕಬ್ಬಿನ ಗಳದಂಥ ಕಲ್ಲನ್ನು ಮೇಲೆತ್ತುವುದು ಅವನ ಕಸುಬು. ಅದಕ್ಕೆ ಕೋರ್ ಎನ್ನುತ್ತಾರೆ. ಆಳದ ಕ್ರಮದಲ್ಲೇ ಪೆಟ್ಟಿಗೆಗಳಲ್ಲಿ ಜೋಡಿಸಬೇಕು, ತುಂಡುಗಳು ಅದಲುಬದಲಾದರೆ ಇಡೀ ಕೊರೆತ ದಂಡ. ಅವನ ಜೊತೆಗಾರ ದಾವಲಸಾಬ, ಹನ್ನೆರಡು ವರ್ಷದ ಜೋಡಿ. ಇಬ್ಬರದೂ ಒಂದೇ ಕಟ್ಟುಪಾಡು: ಪೈಪಿಗೆ ಪಾನಾ ಹಾಕಿದಾಗ ಎಂಜಿನ್ ಸತ್ತಿರಬೇಕು.

ಇನ್ನೂರ ಹನ್ನೆರಡನೇ ಮೀಟರಿನಲ್ಲಿ ಪೈಪು ಸಿಕ್ಕಿಬಿತ್ತು. ಎಂಜಿನ್ ಆರಿಸಿ, ನನ್ನನ್ನು ಪೈಪಿಗೆ ಕಚ್ಚಿಸಿ ದಾವಲಸಾಬ ಕೈಯಿಂದಲೇ ತಿರುಗಿಸಲು ನೋಡುತ್ತಿದ್ದ. ಮರುದಿನ ಹಣ ಹೂಡುವವರು ಹುಬ್ಬಳ್ಳಿಗೆ ಬರುವವರಿದ್ದರು. ಮ್ಯಾನೇಜರ್ ಪ್ರಫುಲ್ಲನಿಗೆ ಅಂಡು ಸುಟ್ಟ ಬೆಕ್ಕಿನ ಚಡಪಡಿಕೆ.

“ಪಾನಾ ಹಾಗೇ ಇರಲಿ, ಎಂಜಿನ್ ಉಲ್ಟಾ ತಿರುಗಿಸಿ,” ಅಂದ.

“ಮಂದಿ ಸಾಯ್ತಾರ್ರಿ,” ಅಂದ ಫಕ್ಕೀರಪ್ಪ.

ಪ್ರಫುಲ್ಲ ಅವನನ್ನು ತಳ್ಳಿ ತಾನೇ ಎಂಜಿನ್ ಚಾಲೂ ಮಾಡಿ ಲಿವರ್ ಎಳೆದುಬಿಟ್ಟ. ದಾವಲಸಾಬನ ಬಲಗೈ ಇನ್ನೂ ನನ್ನ ಹಿಡಿಯ ಮೇಲಿತ್ತು. ಪೈಪು ಗಿರ್ರನೆ ತಿರುಗಿತು. ಕಚ್ಚಿದ್ದನ್ನು ಬಿಡದ ನಾನೂ ತಿರುಗಿದೆ, ಆ ಕೈಯನ್ನು ಯಂತ್ರದ ಕಾಲಿಗೆ ಹಾಕಿ ಜಜ್ಜಿದೆ. ಎಲುಬು ಮುರಿದ ಸದ್ದು ಎಂಜಿನ್ ಸದ್ದಿನಲ್ಲೂ ಕೇಳಿತು. ನನ್ನ ಹಲ್ಲೆಲ್ಲ ರಕ್ತ.

ಸಡಿಲಾದ ಪೈಪಿನಿಂದ ಹಳದಿ ಮಿಂಚುವ ಕೋರ್ ಬಂತು. ಪ್ರಫುಲ್ಲ ಬಿದ್ದವನನ್ನು ನೋಡಲಿಲ್ಲ, ಕಲ್ಲನ್ನು ನೋಡಿದ. ಫಕ್ಕೀರಪ್ಪ ಟವೆಲ್ಲಿನಿಂದ ತೋಳು ಬಿಗಿಯುವಷ್ಟರಲ್ಲಿ ಪೆಟ್ಟಿಗೆಗಳೆಲ್ಲ ಜೀಪಿಗೆ ಏರಿದ್ದವು.

“ಇವು ಮೊದಲು ಹುಬ್ಬಳ್ಳಿ ಮುಟ್ಟಬೇಕು. ಜೀಪು ವಾಪಸ್ ಬಂದಮೇಲೆ ಅವನನ್ನು ಒಯ್ಯಿರಿ.”

“ರಕ್ತ ನಿಲ್ಲವಲ್ದ್ರಿ. ಅಷ್ಟೊತ್ತನ ಅಂವ ಉಳಿಯಂಗಿಲ್ಲ.”

ಪ್ರಫುಲ್ಲ ಜೀಪು ಹತ್ತಿ ಬಾಗಿಲು ಹಾಕಿಕೊಂಡ. ಫಕ್ಕೀರಪ್ಪ ನನ್ನನ್ನು ಎತ್ತಿದ. ಮೊದಲ ಏಟಿಗೆ ಜೀಪಿನ ಗಾಜು ಪುಡಿಯಾಯಿತು. ಆಮೇಲೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಒಡೆದು ಹೊರಗೆ ಸುರಿದ. ನಾಲ್ಕು ತಿಂಗಳ ಕೋರ್ ಜಲ್ಲಿಯಾಗಿ ಗುಡ್ಡದಿಂದ ಉರುಳಿತು. ತಡೆಯಲು ಬಂದ ಪ್ರಫುಲ್ಲನ ಮೊಣಕಾಲಿಗೂ ಒಂದು ಬಿತ್ತು. ಸುಳ್ಳೇಕೆ, ಆ ಏಟು ನನಗೆ ಹಿತವಾಗಿತ್ತು. ಖಾಲಿಯಾದ ಜಾಗದಲ್ಲಿ ಜೊತೆಗಾರನನ್ನು ಮಲಗಿಸಿ ಫಕ್ಕೀರಪ್ಪ ತಾನೇ ಜೀಪು ಓಡಿಸಿದ.

ಜೀವ ಉಳಿಯಿತು. ಕೈಯನ್ನು ಮೊಣಕೈವರೆಗೆ ತೆಗೆದರು.

ಕಂಪನಿ ದೂರು ಕೊಟ್ಟಿತು. ನನ್ನನ್ನು ಪೊಲೀಸರು ಒಯ್ದು, ಕೊರಳಿಗೆ ಚೀಟಿ ಕಟ್ಟಿ, ಸಾಕ್ಷಿಯ ಸಾಮಾನು ಇಡುವ ಮುದ್ದೆಮಾಲು ಕೋಣೆಗೆ ಎಸೆದರು. ತುಕ್ಕು ಹಿಡಿದು ಬಿದ್ದಿದ್ದ ನನ್ನನ್ನು ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಎತ್ತಿ ತೋರಿಸಿದರು.

“ಕಂಪನಿಯ ಕೋರ್ ಒಡೆದದ್ದು ಇದೇ ತಾನೆ?” ವಕೀಲರು ಕೇಳಿದರು.

“ಹೌದ್ರಿ,” ಅಂದ ದಾವಲಸಾಬ. “ಅದ ಒಡದಿದ್ದಕ್ಕ ನಾ ಇವತ್ತ ಮಾತಾಡಾಕ ಹತ್ತೀನ್ರಿ. ನನ್ನ ಕೈ ಮುರದದ್ದೂ ಇದ ಐತ್ರಿ. ಅದನ್ಯಾಕ ಬರದಿಲ್ಲ?”

ಅದು ಈ ಕೇಸಿನಲ್ಲಿಲ್ಲ ಎಂದರು. ಕಲ್ಲು ಒಡೆದ, ಮೊಣಕಾಲಿಗೆ ಹೊಡೆದ ತಪ್ಪಿಗೆ ಫಕ್ಕೀರಪ್ಪನಿಗೆ ಒಂದು ವರ್ಷ ಜೈಲಾಯಿತು. ಆ ಕೈಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ನನಗಾದರೂ ಆಗಬೇಕಿತ್ತು.